ಹೆಣ್ಣು ನೋಡುವ ಗೋಡೆ

ಪಕ್ಕದ ಸೀಟಿನವನು ಬಸ್ಸಿನ ಸರಳು ಹಿಡಿದಿದ್ದ ಕೈಯನ್ನು ನೋಡಿದ ಕೂಡಲೇ ಪಂಚಾಕ್ಷರಪ್ಪನ ತಲೆಯಲ್ಲಿ ಹದಿನೇಳು ಎಂಬ ಅಂಕಿ ಬಂತು. ಹದಿನೇಳು ಅಂದರೆ ಬಣ್ಣದ ಮಾದರಿಗಳನ್ನು ಅಂಟಿಸಿದ ಶೇಡ್ ಕಾರ್ಡಿನ ಮೂರನೆಯ ಸಾಲಿನ ಬಾದಾಮಿ. ಮುಂದಿನ ಸೀಟಿನ ಮುದುಕಿಯ ಕತ್ತು ಇಪ್ಪತ್ತೆರಡು. ಕಂಡಕ್ಟರನದು ಕಾರ್ಡಿನಲ್ಲೇ ಇಲ್ಲದ್ದು, ಯಾವ ಕಂಪನಿಯವನೂ ಆ ಬಣ್ಣವನ್ನು ಡಬ್ಬಿಯಲ್ಲಿ ತುಂಬಿ ಮಾರುವುದಿಲ್ಲ. ದಾವಣಗೆರೆಯ ಮಂಡಿಪೇಟೆಯ ಬಣ್ಣದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ನಿಂತು ಊರವರ ಗೋಡೆಗಳಿಗೆಲ್ಲ ಬಣ್ಣ ಆರಿಸಿಕೊಟ್ಟ ಕಣ್ಣು ಅದು. ಗೋಡೆ ನೋಡಿದರೆ ನಂಬರು ಹೊಳೆಯುವುದು ಸಹಜ. ಮನುಷ್ಯರನ್ನು ನೋಡಿದರೂ ನಂಬರು ಹೊಳೆಯತೊಡಗಿ ಈಗ ಹತ್ತು ದಿನವಾಗಿತ್ತು. ಇವತ್ತು ಭಾನುವಾರ. ಮಗಳು ಶಾಂತಕುಮಾರಿಯನ್ನು ಒಪ್ಪಿಕೊಂಡ ಹರಿಹರದವರ ಮನೆ ನೋಡಲು ಹೊರಟಿದ್ದ. ಅವರು ಹೆಣ್ಣು ನೋಡಿಯಾಗಿತ್ತು, ಇವನು ಮನೆ ನೋಡಿ ಬಂದರೆ ಲಗ್ನದ ದಿನ ಗೊತ್ತು ಮಾಡುವುದೊಂದೇ ಬಾಕಿ. ಇಪ್ಪತ್ತಮೂರು ತುಂಬಿದ ಮಗಳಿಗೆ ನಾಲ್ಕನೆಯ ಸಲಕ್ಕೆ ಕೂಡಿ ಬಂದ ಸಂಬಂಧ. ಕುಣಿಯುತ್ತಾ ಹೋಗಬೇಕಾದ ದಾರಿ. ಅವನಿಗೆ ಮಾತ್ರ ಹುಳುಕು ಬೇಳೆ ಮಾರಿದವನು ಕೊಂಡವನ ಮನೆಗೇ ಊಟಕ್ಕೆ ಹೊರಟ ಹಾಗೆ ಅನ್ನಿಸುತ್ತಿತ್ತು.

ಚೀನಾದ ಯುದ್ಧ ಮುಗಿದ ಮರುವರ್ಷ ಅದು. ದಾವಣಗೆರೆಗೆ ಬಣ್ಣದ ಹುಚ್ಚು ಹತ್ತಿತ್ತು. ಮುಂಬಯಿಗೆ ಹೋಗಿ ಬಂದ ಹತ್ತಿ ಸಾಹುಕಾರರು ತಮ್ಮ ಹೊಸ ಬಂಗಲೆಗಳಲ್ಲಿ ಮೂರು ಗೋಡೆಗೆ ಒಂದು ಬಣ್ಣ, ನಾಲ್ಕನೆಯ ಗೋಡೆಗೆ ಬೇರೆಯೇ ಒಂದು ಬಣ್ಣ ಹೊಡೆಸಿದ್ದೇ ತಡ, ಅದನ್ನು ಕಿಟಕಿಯಿಂದ ಇಣುಕಿ ಬಂದ ಗುಮಾಸ್ತರು, ಮೇಷ್ಟ್ರುಗಳು, ಕಾಳಿನ ದಲಾಲರು ಎಲ್ಲರೂ ಅಂಗಡಿಗೆ ಬಂದು, “ಪಂಚಾಕ್ಷರಪ್ಪಾರೇ, ಈ ವರ್ಷ ಯಾವುದು ನಡೀತೈತ್ರಿ?” ಎಂದು ಕೇಳುವವರೇ. “ಪಿಸ್ತಾ ಹೋತ್ರಿ, ಅದು ಹೋದ ವರ್ಷದ್ದು. ಈಗ ಪಡಸಾಲೆಗೆ ಬಾದಾಮಿ, ಎದುರು ಗ್ವಾಡಿಗೆ ಹವಳ, ಮಲಗೋ ಕೋಣಿಗೆ ಆಕಾಶನೀಲಿ” ಎಂದು ಅವನು ಪುರಾಣ ಹೇಳುವವನಂತೆ ಹೇಳುತ್ತಿದ್ದ. ಅವನ ಸ್ವಂತ ಬಾಡಿಗೆ ಮನೆಗೆ ಸುಣ್ಣ ಕಂಡು ನಾಲ್ಕು ವರ್ಷವಾಗಿತ್ತು ಎಂಬುದು ಯಾರಿಗೂ ಬೇಕಿರಲಿಲ್ಲ. ಇನ್ನೊಂದು ಜಾತಿಯ ಗಿರಾಕಿಗಳಿದ್ದರು. ಅವರು ಮಧ್ಯಾಹ್ನ ಎರಡರ ಹೊತ್ತಿಗೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಬರುತ್ತಿದ್ದರು. ಮೊದಲು ಮೊಳೆ ಕೇಳುವರು, ಬೀಗ ಕೇಳುವರು, ಹೊರಟಂತೆ ಮಾಡಿ ಮತ್ತೆ ತಿರುಗಿ ನಿಂತು, “ನಾಡಿದ್ದು ಹುಡುಗಿ ನೋಡಾಕ ಬರ್ತಾರೆ... ನಮ್ಮ ಹುಡುಗಿ ಬಣ್ಣ ಸ್ವಲ್ಪ ಕಮ್ಮಿ...” ಎಂದು ನೆಲ ನೋಡುವರು. ಮೊದಲ ಸಲ ಹೀಗೆ ಬಂದವನಿಗೆ ಪಂಚಾಕ್ಷರಪ್ಪ ತನಗೆ ತಿಳಿದದ್ದನ್ನು ಸುಮ್ಮನೆ ಹೇಳಿದ್ದ: ಬಿಳಿ ಗೋಡೆ ಬೇಡ, ಕಪ್ಪನ್ನು ಎತ್ತಿ ತೋರಿಸುತ್ತದೆ, ಹಸಿರು ಮುಖಕ್ಕೆ ಕಾಮಾಲೆ ತರುತ್ತದೆ, ಹುಡುಗಿಗಿಂತ ಗಾಢವಾದ ಕೆಂಪು ಗೋಡೆ ಬೆನ್ನ ಹಿಂದಿದ್ದು, ಪಡುವಣ ಬೆಳಕು ಎದುರಿನಿಂದ ಬಿದ್ದರೆ ಎಂಥ ಮುಖವೂ ಎರಡು ನಂಬರು ತಿಳಿಯಾಗುತ್ತದೆ. ಆ ಸಂಬಂಧ ಕುದುರಿತು. ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಆಮೇಲೆ ಎಷ್ಟು ಮಂದಿ ಬಂದರೋ! ಹೆಣ್ಣು ಹೆತ್ತವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ಅವನು ಆಗೆಲ್ಲ ಒಳಗೊಳಗೇ ಬೀಗಿದ್ದುಂಟು.

ಬೀಗಿದ್ದು ಅಮೀನಾಬೀ ಬರುವವರೆಗೆ. ಬಸ್ಸು ಒಂದು ಹಳ್ಳದ ಸೇತುವೆ ಹತ್ತಿ ಇಳಿದಾಗ ಅವಳ ಬುರ್ಖಾದ ಅಂಚು, ಕೈಯಲ್ಲಿದ್ದ ಕಾಗದದ ಪೊಟ್ಟಣ ಕಣ್ಣೆದುರು ಬಂದವು. ಬೀಡಿ ಕಟ್ಟಿ ಬದುಕುವ ಹೆಂಗಸು. ಮಗಳು ಬಿಲ್ಕೀಸ್‌ಳನ್ನು ನೋಡಲು ಗಂಡಿನ ಕಡೆಯ ಹೆಂಗಸರು ಬರುತ್ತಾರೆಂದು ಗುಲಾಬಿ ಡಿಸ್ಟೆಂಪರಿಗೆ ಕೆಮ್ಮಣ್ಣು ಬೆರೆಸುವ ಹದವನ್ನು ಇವನಿಂದ ಕೇಳಿಕೊಂಡು ಹೋಗಿ, ತಾನೇ ಏಣಿ ಹತ್ತಿ ಬಳಿದಿದ್ದಳಂತೆ. ನಿಕಾಹ್ ಆದಾಗ ಶಾವಿಗೆ ಪಾಯಸದಂಥ ಶೀರ್ ಖುರ್ಮಾ ತಂದುಕೊಟ್ಟಿದ್ದಳು. ಲಿಂಗವಂತನಾದ ಇವನು ತಮ್ಮ ಮನೆಯದನ್ನು ತಿನ್ನಲಾರನೆಂದು ಆಮೇಲೆ ನೆನಪಾಗಿ ನಾಚಿ ಬಾಳೆಹಣ್ಣು ಕೊಟ್ಟು ಹೋಗಿದ್ದಳು. ಆರು ತಿಂಗಳ ಮೇಲೆ ಮತ್ತೆ ಬಂದಳು. ಅರ್ಧ ಉಳಿದ ಡಿಸ್ಟೆಂಪರಿನ ಪೊಟ್ಟಣವನ್ನು ಕೌಂಟರಿನ ಮೇಲಿಟ್ಟು, “ಇದು ವಾಪಸ್ ತಗಂತೀರೇನಣ್ಣಾ?” ಎಂದಳು. ಒಡೆದ ಪೊಟ್ಟಣ ತೆಗೆದುಕೊಳ್ಳುವುದಿಲ್ಲ ಎಂದು ಇವನು ಹೇಳಿದ. ಅವಳು ತಲೆಯಾಡಿಸಿದಳು. “ಬಿಲ್ಕೀಸೂ ವಾಪಸ್ ಬಂದಾಳಣ್ಣಾ. ಅವರ ಮನ್ಯಾಗ ಬೆಳಕು ಜಾಸ್ತಿ ಅಂತೆ.” ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಂಡವನಿಗೆ ಒಂದು ಸಮಾಧಾನವಿರುತ್ತದೆ, ಲೆಕ್ಕ ಚುಕ್ತಾ ಆಯಿತೆಂದು. ಅವಳು ಪೊಟ್ಟಣವನ್ನು ಮತ್ತೆ ಮಡಚಿ ಕಂಕುಳಲ್ಲಿಟ್ಟುಕೊಂಡು ಬಿಸಿಲಿಗೆ ಇಳಿದು ಹೋದಳು. ಅದಾದ ಮೇಲೂ ಮಧ್ಯಾಹ್ನದ ಗಿರಾಕಿಗಳು ಬಂದರು, ಅದಾದ ಮೇಲೂ ಅವನು ಹೇಳಿಕೊಟ್ಟ. ಮಾಡುವುದೇನು, ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಹಾಗಿರುವಾಗ ಸ್ವಂತ ಮಗಳ ಸರದಿ. ಮೊದಲ ಮೂರು ಸಲ ಬಂದವರು ಉಪ್ಪಿಟ್ಟು ತಿಂದು ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಹೋದರು, ಬರೆಯಲಿಲ್ಲ. ಮೂರನೆಯವರಂತೂ ಅಂಗಳ ದಾಟುವ ಮೊದಲೇ, “ಫೋಟೋದಾಗ ಹಿಂಗಿರಲಿಲ್ಲ ಬಿಡು” ಎಂದದ್ದು ಒಳಗಿನವರೆಗೆ ಕೇಳಿಸಿತ್ತು. ಶಾಂತಕುಮಾರಿ ಆಗ ತಟ್ಟೆ ಎತ್ತುತ್ತಿದ್ದಳು. ಎತ್ತುತ್ತಲೇ ಇದ್ದಳು, ಒಂದು ತಟ್ಟೆಯೂ ಸದ್ದು ಮಾಡಲಿಲ್ಲ. ಅವತ್ತೇ ರಾತ್ರಿ ಹೆಂಡತಿ ಕಸ್ತೂರಮ್ಮ, “ಊರವರ ಮಕ್ಕಳಿಗೆಲ್ಲ ಮಾಡ್ತೀರಿ, ನಿಮ್ಮ ಮಗಳಿಗೆ ಯಾಕ ಮಾಡಂಗಿಲ್ಲ? ಆಕಿ ಏನು ಬೀದಿಯಾಗ ಸಿಕ್ಕಿದ್ದಾ?” ಎಂದು ಅತ್ತಳು. ಮಗಳ ಬಣ್ಣ ಕಸ್ತೂರಮ್ಮನಿಂದಲೇ ಬಂದದ್ದು. ಇಪ್ಪತ್ತೈದು ವರ್ಷದ ಕೆಳಗೆ ಅವಳು ಸೊಸೆಯಾಗಿ ಹೊಸ್ತಿಲು ದಾಟಿದಾಗ ಪಂಚಾಕ್ಷರಪ್ಪನ ತಾಯಿ ನೆರೆಹೊರೆಯ ಹೆಂಗಸರ ಎದುರಿಗೆ, “ದೀಪ ಹಚ್ಚಿಡ್ರವ್ವಾ, ಸೊಸಿ ಕಾಣಬೇಕಲ್ಲ” ಎಂದಿದ್ದಳು. ಎಲ್ಲರೂ ನಕ್ಕರು. ಅವನೂ ನಕ್ಕಿದ್ದ. ಸಣ್ಣಗೆ, ಬಾಯಿ ಮುಚ್ಚಿಕೊಂಡು, ಆದರೂ ನಕ್ಕಿದ್ದ. ಅದನ್ನು ಕಸ್ತೂರಮ್ಮ ನೋಡಿದಳೋ ಇಲ್ಲವೋ ಎಂದು ಇವತ್ತಿನವರೆಗೆ ಅವನಿಗೆ ಗೊತ್ತಿಲ್ಲ. ಕೇಳುವ ಧೈರ್ಯವಂತೂ ಬರಲೇ ಇಲ್ಲ.

ನಾಲ್ಕನೆಯವರು ಬರುತ್ತಾರೆಂದು ಹರಿಹರದಿಂದ ಕಾಗದ ಬಂದ ದಿನ ಅವನು ಅಂಗಡಿಯಿಂದ ಶೇಡ್ ಕಾರ್ಡನ್ನು ಮನೆಗೆ ತಂದ. ಮಗಳನ್ನು ಪಡಸಾಲೆಯ ಗೋಡೆಗೆ ಬೆನ್ನು ಮಾಡಿ ಮಣೆಯ ಮೇಲೆ ಕೂರಿಸಿ, ಕಿಟಕಿಯ ಬಾಗಿಲು ತೆರೆದು, ಕಾರ್ಡನ್ನು ಅವಳ ಕೆನ್ನೆಯ ಪಕ್ಕ ಹಿಡಿದ. ಹವಳ ಹಿಡಿದ, ಇಟ್ಟಿಗೆ ಹಿಡಿದ, ದೂರ ಸರಿದು ಕಣ್ಣು ಕಿರಿದು ಮಾಡಿ ನೋಡಿದ, ಮತ್ತೆ ಹತ್ತಿರ ಹೋದ. “ಸ್ವಲ್ಪ ಆ ಕಡಿ ತಿರುಗವ್ವಾ” ಎಂದರೆ ತಿರುಗಿದಳು. “ಗದ್ದ ಎತ್ತು” ಎಂದರೆ ಎತ್ತಿದಳು. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆ ಪಡೆದ ಹುಡುಗಿ, ಓಣಿಯ ಹೆಂಗಸರ ಕಾಗದಗಳನ್ನೆಲ್ಲ ಬರೆದುಕೊಡುವವಳು, ಗೋಡೆಯ ತುಂಡಿನಂತೆ ಕೂತಿದ್ದಳು. ಹಣೆಯ ಮೇಲೆ ಬೆಳಗಿನ ವಿಭೂತಿ ಮೂರು ಬೆರಳಗಲ ಬೆಳ್ಳಗೆ ಹೊಳೆಯುತ್ತಿತ್ತು. ಬಿಳಿ ಹತ್ತಿರವಿದ್ದರೆ ಕಪ್ಪು ಇನ್ನೂ ಕಪ್ಪಾಗುತ್ತದೆ. ಇದು ಅವನ ವಿದ್ಯೆಯ ಮೊದಲ ಪಾಠ. ಬಾಯಿ ತಡೆಯಲಿಲ್ಲ. “ಅವರು ಬರೋ ದಿನ ವಿಭೂತಿ ಒಂದೀಟು ಸಣ್ಣಗೆ ಹಚ್ಕ, ತಾಯಿ. ಕಂಡೂ ಕಾಣದಂಗೆ.” ಲಿಂಗ ಕಟ್ಟಿಕೊಂಡ ಎದೆಯಿಂದಲೇ ಆ ಮಾತು ಬಂತು. ಅವಳು ಅವನನ್ನೇ ನೋಡಿದಳು. ಬೆರಳಿನಿಂದ ಹಣೆಯನ್ನು ಅಲ್ಲೇ ಒರೆಸಿಕೊಂಡು, “ಹಿಂಗೆ ಸಾಕಾ ಅಪ್ಪಾಜಿ?” ಎಂದಳು. ಸಾಕಾಗಿತ್ತು. ಕೆಲಸದ ಮಟ್ಟಿಗೆ ನೋಡಿದರೆ ಸರಿಯಾಗಿಯೇ ಇತ್ತು. ಅವನ ಕಣ್ಣು ಮೆಚ್ಚಿತು, ಮೆಚ್ಚಿದ್ದಕ್ಕೆ ಅವನಿಗೆ ತನ್ನ ಮುಖಕ್ಕೇ ಉಗಿಯಬೇಕೆನ್ನಿಸಿತು.

ಗೋಡೆಗೆ ಎರಡು ಕೈ ಬಳಿಸಿದ್ದಾಯಿತು. ಕಾರ್ಡಿನಲ್ಲಿಲ್ಲದ ಬಣ್ಣ, ಇಟ್ಟಿಗೆಗೆ ಗುಲಾಬಿ ಸೇರಿಸಿ ಚೂರು ಕಾಡಿಗೆಪುಡಿ ಹಾಕಿ ತಾನೇ ಕಲಸಿದ್ದು. ಸಂಜೆ ನಾಲ್ಕೂವರೆಗೆ ಅವರು ಬರುವಂತೆ ರಾಹುಕಾಲದ ನೆವ ಹೇಳಿ ಬರೆದಿದ್ದ. ಬಂದವರು ಮೂವರು: ಹುಡುಗ ಕರಿಬಸವರಾಜ, ಅವನ ತಾಯಿ ನಿರ್ಮಲಮ್ಮ, ಸೋದರಮಾವ. ಹುಡುಗ ಹರಿಹರದ ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್. ಹೆಸರಿನಲ್ಲೂ ಕರಿ ಇತ್ತು, ಮೈಯಲ್ಲೂ ಇತ್ತು. ಅದನ್ನು ಹುಡುಗನೂ ಸೇರಿ ಯಾರೂ ಗಣನೆಗೆ ತೆಗೆದುಕೊಂಡಂತಿರಲಿಲ್ಲ. ಶಾಂತಕುಮಾರಿ ಬಂದು ಶರಣು ಮಾಡಿ ಆ ಗೋಡೆಯ ಕೆಳಗೆ ಕೂತಾಗ ಬಿಸಿಲು ಸರಿಯಾಗಿ ಪಂಚಾಕ್ಷರಪ್ಪ ಹೇಳಿದ ಜಾಗಕ್ಕೆ ಬಂದು ನಿಂತಿತು. ಆ ಮುಖ! ಅವನೇ ಬೆರಗಾದ. ಜೇನಿನ ಬಣ್ಣಕ್ಕೆ ತಿರುಗಿತ್ತು. “ಕೆಂಪಗೆ ಲಕ್ಷಣವಾಗಿ ಅದಾಳೆ” ಎಂದು ನಿರ್ಮಲಮ್ಮ ಮಗನ ಕಡೆ ನೋಡಿದಳು. ಸೋದರಮಾವ ಮಂಡಕ್ಕಿ ಮುಕ್ಕುತ್ತಾ, “ಗ್ವಾಡಿ ಭಾರೀ ಐತಲ್ರೀ. ಯಾವ ಬಣ್ಣರೀ ಇದು?” ಎಂದುಬಿಟ್ಟ. ಪಂಚಾಕ್ಷರಪ್ಪ ಅವನ ತಟ್ಟೆಗೆ ಇನ್ನೊಂದು ಹಿಡಿ ಮಂಡಕ್ಕಿ ಸುರಿದ. “ಹೊಸದ್ರಿ. ಈ ವರ್ಷ ಇದೇ ನಡಿಯಾದು” ಎಂದ. ಐದಕ್ಕೆ ಬಿಸಿಲು ಸರಿಯುತ್ತದೆ. ಐದರೊಳಗೆ ಇವರು ಏಳಬೇಕು. ಎದ್ದರು. ಐದಕ್ಕೆ ಹತ್ತು ನಿಮಿಷವಿರುವಾಗ ಒಪ್ಪಿಗೆಯಾಯಿತೆಂದು ಸಕ್ಕರೆ ಕೊಟ್ಟು ಎದ್ದರು.

ಹರಿಹರದಲ್ಲಿ ಬಸ್ಸಿಳಿದಾಗ ಹನ್ನೊಂದರ ಬಿಸಿಲು. ಹೊಳೆಯ ಕಡೆಯಿಂದ ಒದ್ದೆ ಗಾಳಿ ಬರುತ್ತಿದ್ದರೂ ಬೆವರಿದ. ನಡೆಯುತ್ತಾ ಅವನು ದೇವರಲ್ಲಿ ಒಂದೇ ಬೇಡಿಕೊಂಡ: ಮನೆಯೊಳಗೆ ಕತ್ತಲೆಯಿರಲಿ. ಹಳೆಯ ಕಾಲದ ಮನೆ ಎಂದಿದ್ದರು, ಹಳೆಯ ಮನೆಗಳಲ್ಲಿ ಕಿಟಕಿ ಕಡಿಮೆ, ಹೊಗೆ ಹಿಡಿದ ಗೋಡೆಗಳು, ಮಣ್ಣಿನ ನೆಲ. ಹೆತ್ತ ಮಗಳಿಗೆ ಕತ್ತಲೆ ಮನೆ ಬೇಡಿಕೊಂಡ ತಂದೆ ಊರಿನಲ್ಲಿ ಇವನೊಬ್ಬನೇ ಇದ್ದಾನು. ದೇವಸ್ಥಾನದ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಬಾಗಿಲಲ್ಲೇ ಸುಣ್ಣದ ಹಸಿ ವಾಸನೆ ಮೂಗಿಗೆ ಬಡಿಯಿತು. ಹೊಸ್ತಿಲ ಪಕ್ಕದಲ್ಲಿ ಸುಣ್ಣದ ಗಡಿಗೆ, ಅದರಲ್ಲಿ ನೆನೆಯುತ್ತಿದ್ದ ಕುಂಚ. ಒಳಗೆ ಕಾಲಿಟ್ಟವನು ಕಣ್ಣು ಮುಚ್ಚಿಕೊಂಡ. ನಡುಮನೆಯ ಮಾಳಿಗೆಯಲ್ಲಿ ದೊಡ್ಡ ಬೆಳಕಿಂಡಿ, ಅದರಿಂದ ಸೂರ್ಯ ನೆಟ್ಟಗೆ ಒಳಗೆ ಬಿದ್ದಿದ್ದ. ಸುತ್ತಲೂ ಆಗತಾನೇ ಬಳಿದು ಒಣಗಿದ ಸುಣ್ಣದ ಗೋಡೆಗಳು. ಬರೀ ಸುಣ್ಣವೂ ಅಲ್ಲ, ಎರಡು ಹನಿ ನೀಲಿ ಬೆರೆಸಿದ ಸುಣ್ಣ. ಒಗೆದ ಪಂಚೆಯ ಹಾಗೆ ಕಣ್ಣು ಕುಕ್ಕುವ ಬಿಳುಪು. ಆಯ ತಪ್ಪದಿರಲೆಂದು ಗೋಡೆಗೆ ಕೈ ಊರಿದ. ಅವನ ಕೈಯೂ ಹದಿನೇಳೇ. ಆ ಗೋಡೆಯ ಮೇಲೆ ಅದು ಇಪ್ಪತ್ನಾಲ್ಕಾಗಿ, ಮಸಿಯಲ್ಲಿ ಅದ್ದಿದ ಯಾರದೋ ಕೈಯಾಗಿ ಕಂಡಿತು. ಶಾಂತಕುಮಾರಿ ಇಲ್ಲಿ ನಿಂತರೆ ಎಷ್ಟಾಗುತ್ತಾಳೆ ಎಂದು ಅವನ ತಲೆ ತಾನಾಗಿಯೇ ಕೂಡಿಸತೊಡಗಿತು, ಅವನು ಬೇಡ ಬೇಡವೆಂದರೂ ಕೂಡಿಸಿ ಮುಗಿಸಿತು.

“ಬರ್ರಿ ಬರ್ರಿ, ಬೀಗರು ಬಾಗಿಲಾಗ ನಿಂತ್ರೆ ಹೆಂಗೆ? ಕೂಡ್ರಿ” ಎಂದು ನಿರ್ಮಲಮ್ಮ ಕಂಬಳಿ ಹಾಸಿದಳು. ಒಳ್ಳೆಯ ಹೆಂಗಸು. ಮಾತಿನಲ್ಲಿ ಕಪಟವಿಲ್ಲ, ನೀರು ಕೊಡುವ ಕೈಯಲ್ಲಿ ಅವಸರವಿಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಅವನು ಅಂದುಕೊಂಡ. ಮನೆಯನ್ನೆಲ್ಲ ತೋರಿಸಿದಳು: ಅಡುಗೆಮನೆ, ಬಚ್ಚಲು, ಹಿತ್ತಲ ಬಾವಿ, ಕೊನೆಗೆ ಮಗ ಸೊಸೆಗೆಂದು ಎತ್ತಿಟ್ಟ ಕೋಣೆ. ಎಲ್ಲ ಗೋಡೆಗೂ ಅದೇ ಸುಣ್ಣ. “ನಮ್ಮನ್ಯಾಗ ಬಣ್ಣ ಅಂಬೋದಿಲ್ರಿ. ನಮ್ಮತ್ತಿ ಕಾಲದಿಂದ ವರ್ಷಕ್ಕೆರಡು ಸಲ ಸುಣ್ಣ. ಮನಿ ಹಾಲಿನಂಗಿರಬೇಕು ಅಂತಿದ್ರು ಅವರು.” ಕೋಣೆಯ ಬಾಗಿಲಿಗೆ ಬನಿಯನ್ನು ತೊಟ್ಟ ಕರಿಬಸವರಾಜ ಬಂದು ನಕ್ಕು ನಿಂತ. ಬಿಳಿ ಗೋಡೆಯ ಎದುರು ಅವನು ಕಲ್ಲಿನ ಕಂಬದಂತಿದ್ದ. ತಾಯಿ ಕಣ್ತುಂಬ ಅವನನ್ನೇ ನೋಡುತ್ತಿದ್ದಳು. ಗಂಡಸಿನ ಬಣ್ಣಕ್ಕೆ ಗೋಡೆಯ ಹಂಗಿಲ್ಲ.

“ಈ ಕೋಣಿಗೆ ನಾನೇ ಬಣ್ಣ ಹೊಡಿಸಿಕೊಡ್ತೀನಿ ಬೀಗತೇರೇ” ಎಂದ ಪಂಚಾಕ್ಷರಪ್ಪ. ದನಿ ತನ್ನದಲ್ಲವೆನ್ನಿಸಿತು. “ಮಗಳಿಗೆ ನನ್ನ ಕಡಿಂದ. ನಮ್ಮ ಪಡಸಾಲಿಗೆ ನೋಡಿದ್ರಲ್ಲ, ಅಂಥದ್ದೇ. ಈಗೆಲ್ಲ ಅದೇ ನಡಿಯಾದು. ಅದು ಬ್ಯಾಡಂದ್ರೆ ಬಾದಾಮಿ ಹಚ್ಚಿಸ್ತೀನಿ.”

“ಅಯ್ಯ, ಬ್ಯಾಡ್ರೀ. ನಿಮಗ್ಯಾಕ ತೊಂದ್ರಿ? ಸುಣ್ಣ ಬಿಟ್ಟು ಬ್ಯಾರೆ ಹಚ್ಚಿದ್ರೆ ನಮ್ಮತ್ತಿ ಕನಸಿನಾಗ ಬಂದು ಬೈತಾರೆ” ಎಂದು ಅವಳು ನಕ್ಕಳು. ಸೆರಗಿನಿಂದ ಗೋಡೆಯ ಮೇಲಿದ್ದ ಒಂದು ಕಣ್ಣಿಗೆ ಕಾಣದ ಕಲೆಯನ್ನು ಒರೆಸಿದಳು. “ನಿಮ್ಮ ಮಗಳು ಬಂದು ನಿಂತ್ರೆ ಈ ಕೋಣಿ ತುಂಬ್ತೈತೆ ಬಿಡ್ರಿ. ದುರ್ಗದ ಕಡೀದ್ದು ಒಂದು ಹುಡುಗಿ ನೋಡಿದ್ವಿ. ಮನೆತನ ಎಲ್ಲಾ ಚೊಲೋ ಇತ್ತು, ಬಣ್ಣ ಮಾತ್ರ ಕಮ್ಮಿ. ನಮ್ಮ ಹುಡುಗನೇ ಕಪ್ಪು, ಆಕೀನೂ ಕಪ್ಪಾದ್ರೆ ಮೊಮ್ಮಕ್ಕಳು ಹೆಂಗ್ರಿ? ಬ್ಯಾಡ ಅಂದ್ವಿ.”

ಈಗ ಹೇಳಿಬಿಡಬೇಕು. ಈಗ ಹೇಳದಿದ್ದರೆ ಅಮೀನಾಬೀಯ ಪೊಟ್ಟಣ ಇನ್ನೊಬ್ಬರ ಕಂಕುಳಿಗೆ ಬರುತ್ತದೆ, ಕಸ್ತೂರಮ್ಮನ ಕಂಕುಳಿಗೆ. ಹೇಳಿದರೆ ಇಲ್ಲಿಗೆ ಮುಗಿಯಿತು, ಐದನೆಯವರು ಬರುವುದಿಲ್ಲ, ಶಾಂತಕುಮಾರಿ ತಟ್ಟೆ ಎತ್ತುತ್ತಾ ಮುದುಕಿಯಾಗುತ್ತಾಳೆ. ಆದರೂ ಈ ಬೆಳಕಿನಲ್ಲಿ, ಈ ಹೆಂಗಸಿನ ಎದುರಿಗೆ ಇನ್ನೊಂದು ಸುಳ್ಳು ನಿಲ್ಲುವಂತಿರಲಿಲ್ಲ. “ಬೀಗತೇರೇ, ಒಂದು ಮಾತು. ನಮ್ಮ ಹುಡುಗಿ... ನೀವು ನೋಡಿದಾಗ ಕಂಡಷ್ಟು ಬಣ್ಣ ಇಲ್ರಿ. ಕಪ್ಪದಾಳೆ. ಅವರವ್ವನಂಗೆ ಕಪ್ಪೇ ಅದಾಳೆ.”

ಅಂದುಬಿಟ್ಟ. ಒಂದು ಗಳಿಗೆ ಎದೆ ಹಗುರಾಯಿತು. ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಹಗುರಾದದ್ದಿಲ್ಲ. ನಿರ್ಮಲಮ್ಮ ಅವನ ಮುಖವನ್ನೇ ನೋಡಿದಳು, ಆಮೇಲೆ ಗಲಗಲ ನಕ್ಕಳು. “ಇಂಥವೆಲ್ಲಾ ಕಂಡೀನಿ ಬಿಡ್ರೀ! ನಾನೂ ಹೆಣ್ಣು ಹೆತ್ತು ಕೊಟ್ಟಾಕಿ. ನಮ್ಮಪ್ಪನೂ ನನ್ನ ಕೊಡೋ ಮುಂದ ಹಿಂಗೇ ‘ನನ್ನ ಮಗಳು ಕುರೂಪಿ, ದಡ್ಡಿ’ ಅಂತಿದ್ದ. ಹೆಣ್ಣಿಗೆ ದೃಷ್ಟಿ ತಾಗಬಾರದು ಅಂತ ಅಲ್ಲೇನ್ರಿ? ನಮ್ಮ ಕಡೀನೂ ಇದೇ ಪದ್ಧತಿ. ಹೆತ್ತ ಬಾಯಿಂದ ಹೊಗಳಬಾರದು.” ಮಗನ ಕಡೆ ತಿರುಗಿ, “ನೋಡು, ಎಂಥಾ ಸಂಸ್ಕಾರದೋರು!” ಎಂದಳು. ಹುಡುಗ ನಾಚಿಕೊಂಡ. ಪಂಚಾಕ್ಷರಪ್ಪ ಬಾಯಿ ತೆರೆದ. ಹಾಗಲ್ಲ ಎಂದು ಇನ್ನೊಮ್ಮೆ ಹೇಳಬೇಕಾಗಿತ್ತು. ಎರಡನೆಯ ಸಲ ಹೇಳಿದ್ದರೆ ಅದು ಪದ್ಧತಿಯಾಗಿ ಉಳಿಯುತ್ತಿರಲಿಲ್ಲ, ಅವಳು ನಂಬುತ್ತಿದ್ದಳು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ, ತನ್ನ ತಾಯಿಯ ಮಾತಿಗೆ ಹಿಂದೊಮ್ಮೆ ನಕ್ಕ ಹಾಗೆಯೇ, ಸಣ್ಣಗೆ ಬಾಯಿ ಮುಚ್ಚಿಕೊಂಡು ನಕ್ಕ. ಹೋಳಿಗೆ ಬಡಿಸಿದರು. ತುಪ್ಪ ಬೇಡವೆಂದರೂ ಸುರಿದರು. ತಿಂದ. ಕಾರ್ತೀಕ ಕಳೆದ ಎರಡನೆಯ ಸೋಮವಾರ ಎಂದು ಊಟದ ಹೊತ್ತಿಗೆ ಬಂದ ಸೋದರಮಾವ ಪಂಚಾಂಗ ನೋಡಿ ಹೇಳಿದ್ದಕ್ಕೆ ತಲೆಯಾಡಿಸಿದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕಸ್ತೂರಮ್ಮ ಬಾಗಿಲಲ್ಲೇ ಹಿಡಿದುಕೊಂಡಳು: ಬಾವಿಗೆ ಗಡಗಡೆ ಐತಾ, ನೀರು ಸಿಹಿನಾ, ಅತ್ತೆಯ ಬಾಯಿ ಹೆಂಗೆ, ಸೊಸೆಗೆ ಬೇರೆ ಕೋಣೆ ಐತಾ, ದಿನ ಗೊತ್ತಾತಾ? ಎಲ್ಲಕ್ಕೂ ಉತ್ತರ ಹೇಳಿದ. ಹೇಳಿದ್ದೆಲ್ಲ ನಿಜವೇ. ಅವಳು ಕೆನ್ನೆಗೆ ಕೈ ಮುಟ್ಟಿಸಿಕೊಂಡು ಕೊರಳ ಲಿಂಗಕ್ಕೆ ದೊಡ್ಡದಾಗಿ ಶರಣೆಂದು, ಸಕ್ಕರೆ ತರಲು ಒಳಗೆ ಓಡಿದಳು. ಇಷ್ಟು ವರ್ಷದಲ್ಲಿ ಅವಳು ಓಡಿದ್ದನ್ನು ಅವನು ನೋಡಿರಲಿಲ್ಲ.

ಶಾಂತಕುಮಾರಿ ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹರಿಹರದವರು ಬಂದು ಹೋದ ಮೇಲೆ ಅವಳು ಗುಡಿಸುವುದಕ್ಕಲ್ಲದೆ ಪಡಸಾಲೆಗೆ ಕಾಲಿಟ್ಟಿರಲಿಲ್ಲ. ಅವನು ಕಾಲು ತೊಳೆಯುವ ನೆವದಲ್ಲಿ ಅಲ್ಲೇ ನಿಂತ. ಅವಳು ಕಲ್ಲೊಂದನ್ನು ಹೆಕ್ಕಿ ಬಿಸಾಡಿ ಕೇಳಿದಳು. “ಅಪ್ಪಾಜಿ, ಅವರ ಮನಿ ಗ್ವಾಡಿಗೆ ಯಾವ ಬಣ್ಣ ಐತೆ?”

ಬಾದಾಮಿ ಎನ್ನಬಹುದಿತ್ತು. ಲಗ್ನದವರೆಗಿನ ಒಂದೂವರೆ ತಿಂಗಳಾದರೂ ಅವಳು ನಿದ್ದೆ ಮಾಡುತ್ತಿದ್ದಳು.

“ಸುಣ್ಣ ಐತವ್ವಾ.”

“ಎಲ್ಲಾ ಕೋಣಿಗೂ?”

“ಎಲ್ಲಾದಕ್ಕೂ.”

ಅವಳ ಬೆರಳು ಅಕ್ಕಿಯ ಮೇಲೆ ನಿಂತಿತು. ಅಳಲಿಲ್ಲ, ಒಲ್ಲೆ ಎನ್ನಲಿಲ್ಲ, ಸಿಟ್ಟಾಗಲಿಲ್ಲ.

“ಹಂಗಾದ್ರೆ ಅಲ್ಲಿ ನಾನು ಎಲ್ಲಿ ಕುಂದ್ರಲಿ, ಅಪ್ಪಾಜಿ?”

ಚುಚ್ಚಬೇಕೆಂದು ಕೇಳಿದ್ದಲ್ಲ. ಊರಿಗೆಲ್ಲ ಹೇಳಿಕೊಟ್ಟ ಅಪ್ಪ ತನಗೂ ಹೇಳುತ್ತಾನೆಂದು ಮುಖವೆತ್ತಿ ಕಾಯುತ್ತಿದ್ದಳು.